ಮೂರನೇ ಕೂಗಿಗೆ ಮೊದಲು

ನಾನು ಆಡಿದ ಮಾತು ಕೇಳಿಸಬೇಕಾದರೆ ಒಂದು ಬೋಗುಣಿ ಅನ್ನ ಆಗುವಷ್ಟು ಹೊತ್ತು ಬೇಕು. ಆಡಿದ ಜಾಗದಲ್ಲೇ ಅದು ಬಂದು ಬೀಳುತ್ತದೆ. ನಾನು ಅಲ್ಲಿ ಕೂತಿದ್ದರೂ ಸರಿ, ಎದ್ದು ಹೋಗಿದ್ದರೂ ಸರಿ. ತಗ್ಗಿನ ಕಾಲೇಜಿನಲ್ಲಿ ಓದಿದವರೆಲ್ಲ ಹೀಗೆಯೇ. ಮೊದಲ ವರ್ಷ ಹತ್ತು ಎಣಿಸುವಷ್ಟು ತಡ, ಎರಡನೇ ವರ್ಷ ಹಾಲು ಉಕ್ಕುವಷ್ಟು, ಮೂರನೇ ವರ್ಷ ಅನ್ನ ಆಗುವಷ್ಟು. ಕಾಲೇಜು ಬಿಟ್ಟವರಿಗೆ ಅಲ್ಲಿಗೆ ನಿಲ್ಲುತ್ತದೆ, ಆದರೆ ಮತ್ತೆ ಕಡಿಮೆಯಾಗುವುದಿಲ್ಲ. ಪದವಿಪತ್ರದ ಜೊತೆಗೆ ಆ ತಡವನ್ನೂ ಮನೆಗೆ ತರುತ್ತೇವೆ.

ನಮ್ಮೂರಿನಲ್ಲಿ ಕಾಲೇಜುಗಳು ಎರಡು. ಒಂದು ಗುಡ್ಡದ ಮೇಲಿದೆ, ಅದಕ್ಕೆ ಏರಿನ ಕಾಲೇಜು ಎನ್ನುತ್ತಾರೆ. ಇನ್ನೊಂದು ಹಳೆಯ ಕಲ್ಲುಗಣಿಯ ತಗ್ಗಿನಲ್ಲಿದೆ. ಎರಡರಲ್ಲೂ ಅವೇ ಪುಸ್ತಕ, ಅದೇ ಪರೀಕ್ಷೆ. ಆದರೂ ಏರಿನವರೆಂದರೆ ಊರಿಗೆ ಜಾಣರು, ತಗ್ಗಿನವರೆಂದರೆ ಮಂದರು. ಎಲ್ಲೂ ಸೀಟು ಸಿಗದವರು ಅಲ್ಲಿಗೆ ಹೋಗುತ್ತಾರೆ, ಹೋದವರ ತಲೆಯಲ್ಲಿ ಮಣ್ಣು ತುಂಬುತ್ತದೆ, ಮನೆಗೆ ಬೆಂಕಿ ಬಿದ್ದರೆ ಬೂದಿಯಾದ ಮೇಲೆ ಕೂಗುತ್ತಾರೆ, ಅಂಥವಳನ್ನು ಮದುವೆಯಾದವನು ಪುಣ್ಯವಂತ, ಯಾಕೆಂದರೆ ಬೈಗುಳ ಬರುವಷ್ಟರಲ್ಲಿ ಅಂಗಿ ತೊಟ್ಟು ಹೊರಗೆ ಹೋಗಿಬಿಡಬಹುದು. ಇವನ್ನೆಲ್ಲ ಎಷ್ಟು ಸಲ ಕೇಳಿದ್ದೇನೆಂದರೆ, ಎದುರಿನವರು ಬಾಯಿ ತೆರೆಯುವ ಮೊದಲೇ ಯಾವುದು ಬರುತ್ತದೆಂದು ಹೇಳಬಲ್ಲೆ. ಹೇಳಬಲ್ಲೆ ಎಂದೆನಲ್ಲ, ಹೇಳಿ ಏನು ಪ್ರಯೋಜನ, ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ. ನಾನು ಎಂಬತ್ತೆಂಟು ಪರ್ಸೆಂಟ್ ತೆಗೆದವಳು. ಏರಿನ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತ್ತು. ಜಂಬಕ್ಕೆ ಹೇಳುತ್ತಿಲ್ಲ. ಹೇಳದಿದ್ದರೆ ನೀವೂ ಅದನ್ನೇ ಅಂದುಕೊಳ್ಳುತ್ತೀರಿ.

ನಮ್ಮಪ್ಪ ಫಕೀರಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಸವಾಲು, ಅಂದರೆ ಹರಾಜು, ಕೂಗುವವನು. ಮೂವತ್ತು ವರ್ಷ ಕೂಗಿದ. ಪೇಟೆಯ ನಡುವೆ ಒಂದು ಕಟ್ಟೆ, ಸುತ್ತ ಕೆಂಪು ರಾಶಿಗಳು, ಸೀನುತ್ತ ನಿಂತ ವ್ಯಾಪಾರಿಗಳು, ಮೇಲೆ ರುಮಾಲು ಸುತ್ತಿದ ಅಪ್ಪ. ಬೆಲೆ ಏರಿ ಒಂದು ಕಡೆ ನಿಂತಿತು ಎನ್ನುವಾಗ ಒಂದು ಬೆರಳು ಎತ್ತಿ "ಒಂದು ಸಲಾ" ಎನ್ನುತ್ತಿದ್ದ. ಎರಡು ಬೆರಳು ಎತ್ತಿ "ಎರಡು ಸಲಾ". ಆಮೇಲೆ ಬಲಗೈಯನ್ನು ಎಡ ಅಂಗೈಗೆ ಹೊಡೆದು "ಮೂರು ಸಲಾ". ಅಂಗೈ ಸಪ್ಪಳವಾದ ಮೇಲೆ ದೇವರೇ ಬಂದು ಕೇಳಿದರೂ ರಾಶಿ ಬದಲಾಗುವುದಿಲ್ಲ. ಅಷ್ಟು ಚುರುಕಾಗಿ ಕೂಗುವವನು ಸುತ್ತಮುತ್ತ ಇರಲಿಲ್ಲ. ಅಪ್ಪನಿಗೆ ಅಂಕಿ ಗೊತ್ತಿತ್ತು, ಅಕ್ಷರ ಗೊತ್ತಿರಲಿಲ್ಲ. ಪೇಟೆಯಲ್ಲಿ ಚೀಟಿ ನಡೆಯುವುದಿಲ್ಲ, ಬಾಯಿ ನಡೆಯುತ್ತದೆ ಎಂಬುದು ಅವನ ಹೆಮ್ಮೆಯಾಗಿತ್ತು.

ನಾನು ಹತ್ತು ವರ್ಷದವಳಿದ್ದಾಗ ರಜೆಯಲ್ಲಿ ಅವನ ಜೊತೆ ಪೇಟೆಗೆ ಹೋಗಿ ಖಾಲಿ ಚೀಲಗಳ ಮೇಲೆ ಕೂಡುತ್ತಿದ್ದೆ. ಒಂದು ದಿನ ಹೊನ್ನವ್ವ ಎಂಬ ಮುದುಕಿ ಒಂದೇ ಒಂದು ಚೀಲ ತಂದಿದ್ದಳು. ಆ ಕಾಲಕ್ಕೇ ತಗ್ಗಿನ ಕಾಲೇಜಿನಲ್ಲಿ ಓದಿದವಳಂತೆ. ಯಾರೋ ಹಮಾಲರು ಅವಳ ಚೀಲವನ್ನೂ ಸಾಲಿಗೆ ಇಟ್ಟು ಬಾಯಿ ಬಿಚ್ಚಿದರು. ಬೆಲೆ ಏರಿತು. ಹೊನ್ನವ್ವನ ತುಟಿ ಅಲುಗುವುದು ನನಗೆ ಕಾಣುತ್ತಿತ್ತು. ಅಪ್ಪ ಒಂದು ಅಂದ, ಎರಡು ಅಂದ, ಅಂಗೈ ಹೊಡೆದ. ಎಲ್ಲರೂ ಮುಂದಿನ ರಾಶಿಗೆ ಹೋದರು. ಸವಾಲು ಮುಗಿದು ವ್ಯಾಪಾರಿಗಳು ಚಹಾಕ್ಕೆ ಹೊರಟರು, ಅವಳ ಚೀಲವನ್ನು ಬೇರೆ ಅಂಗಡಿಗೆ ಹೊತ್ತುಕೊಂಡು ಹೋದರು. ಹೊನ್ನವ್ವ ಮಾತ್ರ ಅಲ್ಲೇ ನಿಂತಿದ್ದಳು. ಆಗ ಖಾಲಿ ನೆಲದ ಮೇಲೆ ಅವಳ ಧ್ವನಿ ಬಿತ್ತು. "ಸ್ವಲ್ಪ ನಿಲ್ಲ್ರೀ ಯಪ್ಪಾ. ಇದು ಮಾರೂದಲ್ಲ, ಬೀಜದ ಕಾಯಿ. ತೂಕಾ ಮಾಡ್ಸಾಕ ಅಷ್ಟ ತಂದೀನಿ."

ಆ ಮಾತನ್ನು ಕೇಳಿದವಳು ನಾನೊಬ್ಬಳೇ. ಹೊನ್ನವ್ವ ನನ್ನ ಕಡೆ ತಿರುಗಿದಳು. ನೆಲದ ಮೇಲೆ ಚೆಲ್ಲಿದ್ದ ನಾಲ್ಕು ಕಾಯಿಗಳನ್ನು ಆರಿಸಿ ಸೆರಗಿಗೆ ಹಾಕಿಕೊಂಡು, ನನ್ನ ಗಲ್ಲ ಮುಟ್ಟಿ, ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡೆ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಅಪ್ಪ "ಕಸ್ತೂರೀ" ಎಂದು ಕರೆದ. ನಾನು ಓಡಿಬಿಟ್ಟೆ. ಆ ಎರಡನೇ ಮಾತು ಬಿದ್ದಾಗ ಅಲ್ಲಿ ಯಾರೂ ಇರಲಿಲ್ಲ. ಅವಳು ನನಗೆ ಏನು ಹೇಳಿದಳೋ, ಇವತ್ತಿಗೂ ಗೊತ್ತಿಲ್ಲ. ಮರುವರ್ಷ ಅವಳು ಪೇಟೆಗೆ ಬರಲಿಲ್ಲ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಏಳು ವರ್ಷ ಕಳೆಯಿತು. ಪಿಯುಸಿ ಮುಗಿದು ತಗ್ಗಿನ ಕಾಲೇಜಿನ ಅರ್ಜಿ ತಂದಾಗ ಅಪ್ಪ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಮಗಳು ಏರಿನ ಕಾಲೇಜಿಗೆ ಹೋಗುತ್ತಾಳೆಂದು ಆಗಲೇ ಪೇಟೆಯಲ್ಲೆಲ್ಲ ಹೇಳಿ ಪೇಢೆ ಹಂಚಿದ್ದ. ಅರ್ಜಿಯ ಮೇಲಿನ ಮುದ್ರೆ ನೋಡಿದೊಡನೆ ಬಟ್ಟಲು ಕೆಳಗಿಟ್ಟ.

"ಸೀಟ್ ಸಿಕ್ಕಿಲ್ಲೇನು ನಿನಗ ಮ್ಯಾಲ?"

"ಸಿಕ್ಕೈತಿ."

"ಮತ್ತ? ನಮ್ಮ ಮನೀ ಬಾಯಿಮ್ಯಾಲ ನಡದೈತಿ. ನೀ ಆ ಬಾಯಿ ಒಯ್ದು ತಗ್ಗಿನ್ಯಾಗ ಒಗದು ಬರ್ತೀಯೇನು? ಯಾಕ?"

ಆಗ ನನ್ನ ನಾಲಿಗೆ ಎಲ್ಲರ ನಾಲಿಗೆಯ ಹಾಗೇ ಇತ್ತು. ಹೇಳಿದ್ದರೆ ಅದೇ ಕ್ಷಣ ಕೇಳಿಸುತ್ತಿತ್ತು. ಆದರೆ ಏನೆಂದು ಹೇಳಲಿ? ನೀನು ಅಂಗೈ ಹೊಡೆದ ಮೇಲೆ ಒಂದು ಮಾತು ಬಿತ್ತು, ಅದಕ್ಕೇ ಎಂದರೆ, ಇಷ್ಟು ವರ್ಷದ ಅವನ ಕಟ್ಟೆಗೆ ಒದ್ದಂತಾಗುತ್ತದೆ ಎನಿಸಿತು. ಸುಮ್ಮನೆ ನಿಂತೆ. ಅಪ್ಪ ನನ್ನ ಮುಖವನ್ನೇ ನೋಡುತ್ತ ಒಂದು ಬೆರಳು ಎತ್ತಿದ. "ಒಂದು ಸಲಾ." ಒಳಗಿನಿಂದ ಅವ್ವ ಬಂದು ಬಾಗಿಲಲ್ಲಿ ನಿಂತಳು. "ಎರಡು ಸಲಾ." ಅಪ್ಪ ಅಂಗೈ ಹೊಡೆದ. "ಮೂರು ಸಲಾ. ಮುಗೀತು. ಹೋಗು, ಎಲ್ಲಿ ಬೇಕಲ್ಲಿ ಹೋಗು." ಅವನು ಹೋಗಬೇಡ ಎನ್ನಲಿಲ್ಲ. ಅಂಗೈ ಹೊಡೆದ ಮೇಲೆ ಮಾತು ಬದಲಿಸುವವನಲ್ಲ. ಆ ದಿನ ನಾನು ಒಂದು ಮಾತು ಆಡಿದ್ದರೆ ಎಂದು ಆಮೇಲೆ ಅತ್ತಷ್ಟು ಇನ್ನಾವುದಕ್ಕೂ ಅತ್ತಿಲ್ಲ.

ಕಾಲೇಜು ನನಗೆ ಹಿಡಿಸಿತು. ಅಲ್ಲೇ ಉಳಿದ ಮಾಸ್ತರರ ತಡ ಬೆಳೆಯುತ್ತಲೇ ಹೋಗುತ್ತದೆ. ಚರಿತ್ರೆ ಕಲಿಸುತ್ತಿದ್ದ ಕುಬೇರಪ್ಪ ಮಾಸ್ತರರದು ಪೂರಾ ಒಂದು ದಿನ. ಇಂದು ಖಾಲಿ ಕೋಣೆಯಲ್ಲಿ ನಿಂತು ಪಾಠ ಮಾಡಿ ಹೋಗುತ್ತಿದ್ದರು, ನಾಳೆ ಅದೇ ಹೊತ್ತಿಗೆ ನಾವು ಹೋಗಿ ಕೂತು ಕೇಳುತ್ತಿದ್ದೆವು. ಯಾವ ಸಾಲಿನಲ್ಲಿ ನಮಗೆ ಸಂಶಯ ಬರುತ್ತದೆ ಎಂದು ಮೊದಲೇ ಊಹಿಸಿ ಅಲ್ಲಿ ತಡೆದು ತಡೆದು ಹೇಳುತ್ತಿದ್ದರು. ಒಮ್ಮೊಮ್ಮೆ ಮುಂದಿನ ಬೆಂಚಿನಲ್ಲಿ ತಾವೂ ಕೂತು ತಮ್ಮದೇ ಪಾಠ ಕೇಳಿ, ಬೇಜಾರಾದರೆ ತಲೆ ಕೆರೆದುಕೊಳ್ಳುತ್ತಿದ್ದರು. ಗೆಳತಿಯರ ನಡುವೆ ಜಗಳವೇ ಆಗುತ್ತಿರಲಿಲ್ಲ. ಬೈದ ಮಾತು ಬರುವವರೆಗೆ ಬೈದವಳೇ ಪಕ್ಕದಲ್ಲಿ ಕೂತಿರಬೇಕು, ಅಷ್ಟರಲ್ಲಿ ಸಿಟ್ಟು ಇಳಿದು, ಬರುವ ಮಾತಿಗಾಗಿ ನಾಚಿಕೆಯಾಗಿ, ಮೊದಲೇ ಕೈ ಹಿಡಿದುಕೊಂಡುಬಿಡುತ್ತಿದ್ದಳು. ಆಡಿದ್ದನ್ನು ಬೇರೆಯವರ ಮಾತೆಂಬಂತೆ ನಾವೇ ಕೂತು ಕೇಳುವುದು ಸುಲಭವಲ್ಲ. ಎಷ್ಟು ಮಾತು ಬೇಡವಾಗಿತ್ತು ಎನ್ನುವುದು ಆಗ ತಿಳಿಯುತ್ತದೆ.

ಊರಿನವರು ತಮಗೆ ಬೇಕಾದಷ್ಟು ಮಾತ್ರ ಹೊಂದಿಕೊಂಡಿದ್ದರು. ಕಿರಾಣಿ ಅಂಗಡಿಯವರು ಚೀಟಿ ತಗೊಂಡು ಸಾಮಾನು ಕೊಡುತ್ತಿದ್ದರು, ಟೇಲರ್ ಹಳೆಯ ರವಿಕೆ ಅಳತೆಗೆ ಇಟ್ಟುಕೊಂಡು ಏನೂ ಕೇಳುತ್ತಿರಲಿಲ್ಲ. ಅವ್ವನ ಲೆಕ್ಕವೇ ಬೇರೆ. ಮೂರನೇ ವರ್ಷದಲ್ಲಿ ಅವ್ವ ನೀಲವ್ವ ಒಲೆಯ ಮೇಲೆ ಅನ್ನಕ್ಕಿಟ್ಟ ಕೂಡಲೇ ನನ್ನನ್ನು ಕರೆದು ಕೇಳಬೇಕಾದ್ದನ್ನೆಲ್ಲ ಕೇಳುತ್ತಿದ್ದಳು. ನಾನು ಅವಳೆದುರು ಕೂತು ಒಂದೊಂದಕ್ಕೂ ಉತ್ತರ ಹೇಳಿ, ಬಳಿಕ ಇಬ್ಬರೂ ಕಾಯಿಪಲ್ಯ ಹೆಚ್ಚುತ್ತ ಕೂಡುತ್ತಿದ್ದೆವು. ಅನ್ನ ಬಸಿಯುವ ಹೊತ್ತಿಗೆ ನನ್ನ ಮಾತು ಬರುತ್ತಿತ್ತು. ಕೈಯಲ್ಲಿ ಬೋಗುಣಿ ಹಿಡಿದೇ ಹೂಂ ಹೂಂ ಎಂದು ಕೇಳುತ್ತಿದ್ದಳು. ಅಪ್ಪ ಹಾಗಲ್ಲ. "ಉಂಡೇನು?" ಎಂದು ಕೇಳಿ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದ. ನನ್ನ "ಹೂಂ" ಖಾಲಿ ಪಡಸಾಲೆಯಲ್ಲಿ ಬೀಳುತ್ತಿತ್ತು. ಮೂರು ವರ್ಷದಲ್ಲಿ ಅಲ್ಲಿ ಬಿದ್ದ ಹೂಂಗಳನ್ನೆಲ್ಲ ಗುಡಿಸಿ ರಾಶಿ ಮಾಡಿದ್ದರೆ ಅಪ್ಪನೇ ಸವಾಲು ಕೂಗಬಹುದಿತ್ತು.

ಊರಿನವರ ಕುಚೇಷ್ಟೆ ನನಗೆ ಅಭ್ಯಾಸವಾಗಿತ್ತು. ಮೂರನೇ ವರ್ಷದಲ್ಲಿ ಒಂದು ದಿನ ಅಪ್ಪನಿಗೆ ಬುತ್ತಿ ಕೊಡಲು ಪೇಟೆಗೆ ಹೋದೆ. ದಲಾಲಿ ಅಂಗಡಿಯ ಮಹಾಂತಯ್ಯನವರ ಗಾದಿಯ ಮೇಲೆ ನಾಲ್ಕಾರು ವ್ಯಾಪಾರಿಗಳು ಕೂತಿದ್ದರು, ನಡುವೆ ಅಪ್ಪ. ನಾನು ಹೊರಗೆ ನಿಂತದ್ದು ಅವರಿಗೆ ಕಾಣುತ್ತಿರಲಿಲ್ಲ.

"ಫಕೀರಪ್ಪ, ನಿನ್ನ ಮಗಳ ಓದು ಎಲ್ಲೀ ತನಕ ಬಂತೋ?" ಎಂದು ಮಹಾಂತಯ್ಯನವರು ಕೇಳಿದರು.

"ಏನ ಕೇಳ್ತೀರಿ ಸಾವ್ಕಾರ್ರ," ಎಂದ ಅಪ್ಪ. "ಇವತ್ತ ಬೈದ್ರ ನಾಳಿಗೆ ಅಳ್ತಾಳ ನನ್ನ ಮಗಳು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅಪ್ಪ ನಕ್ಕ. ಬುತ್ತಿಯನ್ನು ಬಾಗಿಲಲ್ಲಿಟ್ಟು ಮನೆಗೆ ಬಂದೆ. ನಮ್ಮ ಕಾಲೇಜಿನ ಮೇಲಿನ ಕುಹಕಗಳಲ್ಲಿ ಅರ್ಧದಷ್ಟು ನಮ್ಮ ಮನೆಯಿಂದಲೇ ಹೊರಟಿದ್ದವು ಎಂದು ಅವತ್ತು ಗೊತ್ತಾಯಿತು. ಬೇರೆಯವರು ಚುಚ್ಚುವ ಮೊದಲು ತಾನೇ ಚುಚ್ಚಿದರೆ ನೋವು ಕಡಿಮೆ ಎಂದು ಅವನು ಹಾಗೆ ಮಾಡುತ್ತಿದ್ದ ಎಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸಲಿಲ್ಲ. ಆಗ ನನಗೆ ಬರೀ ಉರಿ ಬಂದಿತ್ತು.

ಅದಕ್ಕೆ ಉತ್ತರ ಕೊಡಬೇಕೆಂದು ನಿಶ್ಚಯಿಸಿದೆ. ಪೇಟೆಯಲ್ಲಿ ಚೀಟಿ ನಡೆಯುವುದಿಲ್ಲ. ಸರಿ, ಬಾಯಿಂದಲೇ ಕೊಡೋಣ. ಹತ್ತೂವರೆಗೆ ಸವಾಲು ಶುರು. ಹತ್ತರ ಹೊತ್ತಿಗೆ ವ್ಯಾಪಾರಿಗಳು ಕಟ್ಟೆಯ ಸುತ್ತ ಸೇರುತ್ತಾರೆ, ಅಪ್ಪ ಇನ್ನೂ ಅಂಗಡಿಯಲ್ಲಿ ರುಮಾಲು ಸುತ್ತುತ್ತಿರುತ್ತಾನೆ. ಅಷ್ಟಕ್ಕೆ ಲೆಕ್ಕ ಹಾಕಿ, ಮರುದಿನ ಯಾರೂ ಇಲ್ಲದ ಹೊತ್ತಿನಲ್ಲಿ ಹೋಗಿ ಕಟ್ಟೆ ಹತ್ತಿ, ನನ್ನ ಮಾತನ್ನು ಅಲ್ಲಿ ಆಡಿ, ಮೂಲೆಯ ಚೀಲಗಳ ಹಿಂದೆ ಕೂತೆ. ತಗ್ಗಿನ ಕಾಲೇಜಿನವರು ಮಾತ್ರ ಮಾಡಬಹುದಾದ ತಪ್ಪು ಇದು. ನನ್ನ ಮಾತಿನ ಹೊತ್ತು ನನಗೆ ಗೊತ್ತಿತ್ತು, ಊರಿನ ಹೊತ್ತು ಗೊತ್ತಿರಲಿಲ್ಲ. ಅವತ್ತು ಮೋಡ ಕವಿದಿತ್ತು. ಕಾಯಿ ನೆನೆಯುತ್ತದೆಂದು ಸವಾಲನ್ನು ಅರ್ಧ ತಾಸು ಮೊದಲೇ ಹಿಡಿದರು. ಅಪ್ಪ ಕಟ್ಟೆ ಹತ್ತಿದ. ನಾನು ಚೀಲಗಳ ಹಿಂದಿನಿಂದ ಕೈ ಬೀಸಿದೆ, ಯಾರೂ ನೋಡಲಿಲ್ಲ. ಕೂಗೋಣವೆಂದರೆ ಕೂಗಿದ್ದು ಯಾವಾಗ ಬರುತ್ತದೆ? ಅಪ್ಪ ಎರಡು ಬೆರಳು ಎತ್ತಿ "ಎರಡು ಸಲಾ" ಎಂದದ್ದೇ ಅವನ ಕಾಲ ಬುಡದಿಂದ ನನ್ನ ಧ್ವನಿ ಎದ್ದಿತು.

"ತಗ್ಗಿನ ಕಾಲೇಜಿನವರು ಮಂದ ಅಲ್ಲ. ನಮ್ಮ ಮಾತು ತಡಾ ಬರ್ತೈತಿ, ಅಷ್ಟ. ನಿಲ್ಲಾಕ ನಿಮಗ ಆಗೂದಿಲ್ಲ, ಅದಕ್ಕ ನಮ್ಮನ್ನ ದಡ್ಡರು ಅಂತೀರಿ."

ವ್ಯಾಪಾರಿಗಳು ಬಗ್ಗಿ ಕಟ್ಟೆಯ ಬುಡ ನೋಡಿದರು. ಆಮೇಲೆ ಯಾರೋ "ಫಕೀರಪ್ಪಾ, ಮಗಳು ಸವಾಲ ಕೇಳ್ಯಾಳ, ಆಕಿ ಹೆಸರ್ಲೆ ಹಚ್ಚೋ!" ಎಂದು ಕೂಗಿದರು. ನಗು ಹೊಡೆದುಕೊಂಡು ಹೋಯಿತು. ಅಪ್ಪನ ಎರಡು ಬೆರಳು ಹಾಗೇ ಗಾಳಿಯಲ್ಲಿದ್ದವು. ತಾನು ಹೇಳಿದ್ದು ಒಂದೋ ಎರಡೋ ಅವನಿಗೆ ಮರೆತುಹೋಗಿತ್ತು. ಮತ್ತೆ ಒಂದರಿಂದ ಶುರು ಮಾಡಿದ. ಬೆಲೆ ಹಿಡಿದಿದ್ದವನು ಜಗಳಕ್ಕೆ ಬಂದ. ಮೂವತ್ತು ವರ್ಷದಲ್ಲಿ ಅಪ್ಪ ಕೂಗು ತಪ್ಪಿದ್ದು ಅದೇ ಮೊದಲು. ಅವತ್ತು ಸಂಜೆ ಮಹಾಂತಯ್ಯನವರು ಅವನ ಹೆಗಲ ಮೇಲೆ ಕೈಯಿಟ್ಟು "ವಯಸ್ಸಾತು ಬಿಡು ಫಕೀರಪ್ಪ" ಎಂದರಂತೆ. ಮನೆಗೆ ಬಂದವನು ನನ್ನನ್ನು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅವತ್ತಿನಿಂದ ಉಂಡೇನು ಎಂದೂ ಕೇಳಲಿಲ್ಲ. ನಾನು ಕಾಲೇಜಿನ ಮರ್ಯಾದೆ ಉಳಿಸಲು ಹೋಗಿ ನಮ್ಮಪ್ಪನ ಮರ್ಯಾದೆ ಕಳೆದಿದ್ದೆ.

ಓದು ಮುಗಿಯಿತು. ಬಾಯಿ ಬೇಡವಾದ ಕೆಲಸವೊಂದು ಸಿಕ್ಕಿತು, ಕಚೇರಿಯಲ್ಲಿ ಕಾಗದಗಳ ನಕಲು ಬರೆಯುವುದು. ಅವ್ವನ ಒತ್ತಾಯಕ್ಕೆ ಒಮ್ಮೆ ಗಂಡಿನ ಕಡೆಯವರು ನೋಡಲು ಬಂದರು. ಹುಡುಗನ ಸೋದರತ್ತೆ "ಏನವಾ ನಿನ್ನ ಹೆಸರು?" ಎಂದು ಕೇಳಿದಳು. ಹೇಳಿದೆ. ಅವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೋದರು. ಅವರು ಓಣಿ ದಾಟಿದ ಮೇಲೆ ಪಡಸಾಲೆಯ ಜಮಖಾನೆಯ ಮೇಲೆ "ಕಸ್ತೂರಿ" ಎಂದು ನನ್ನ ಧ್ವನಿ ಬಿತ್ತು. ತಟ್ಟೆ ಎತ್ತುತ್ತಿದ್ದ ಅವ್ವ "ನಾ ಕೇಳಿದೆ ಬಿಡವಾ" ಎಂದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನೂ ಕೇಳಿದ್ದ ಎಂದು ಈಗ ನನಗೆ ಗೊತ್ತು.

ಆ ವರ್ಷವೇ ಅಪ್ಪನಿಗೆ ಕೆಮ್ಮು ಕಚ್ಚಿತು. ಮೂವತ್ತು ವರ್ಷ ನುಂಗಿದ ಮೆಣಸಿನಕಾಯಿ ಧೂಳು ಎಂದರು ಡಾಕ್ಟರು. ಧ್ವನಿ ಒಡೆಯಿತು, ಆಮೇಲೆ ಸಣ್ಣದಾಯಿತು, ಆಮೇಲೆ ಬರೀ ಗಾಳಿಯಾಯಿತು. ಪೇಟೆಯಲ್ಲಿ ಮೈಕು ಹಿಡಿದು ಕೂಗುವ ಹೊಸಬನೊಬ್ಬ ಬಂದ. ಅಪ್ಪ ಪಡಸಾಲೆಯ ಮಂಚಕ್ಕೆ ಬಿದ್ದ. ಒಂದು ಶಬ್ದ ಆಡಿ ಇನ್ನೊಂದಕ್ಕೆ ಉಸಿರು ಕೂಡಿಸಿಕೊಳ್ಳಲು ಅವನಿಗೆ ಬಹಳ ಹೊತ್ತು ಬೇಕಾಗುತ್ತಿತ್ತು. ನೋಡಲು ಬಂದ ಮಹಾಂತಯ್ಯನವರು "ಹೆಂಗದೀಯೋ ಫಕೀರಪ್ಪ?" ಎಂದು ಕೇಳಿ, ಅವನು ಬಾಯಿ ತೆರೆಯುವಷ್ಟರಲ್ಲಿ ಅವ್ವನ ಕಡೆ ತಿರುಗಿ ಔಷಧದ ವಿಚಾರ ಎತ್ತಿದರು. ಎಲ್ಲರೂ ಹಾಗೇ ಮಾಡುತ್ತಿದ್ದರು. ಕೆಟ್ಟವರೇನಲ್ಲ, ಅವರಿಗೆ ಕೆಲಸವಿತ್ತು. ಅಪ್ಪನ ತುಟಿಗಳು ಮಾತ್ರ ಅಲುಗುತ್ತಲೇ ಇರುತ್ತಿದ್ದವು. ಅವನ್ನು ನೋಡಿದಾಗ ನನಗೆ ಹೊನ್ನವ್ವನ ತುಟಿಗಳು ಕಾಣುತ್ತಿದ್ದವು.

ನಾನು ಕಚೇರಿಯಿಂದ ಬಂದು ಮಂಚದ ಪಕ್ಕದಲ್ಲಿ ಕೂಡುತ್ತಿದ್ದೆ. ಅವನು ಏನಾದರೂ ಹೇಳಲು ಶುರು ಮಾಡಿದರೆ ಮುಗಿಯುವವರೆಗೆ ಏಳುತ್ತಿರಲಿಲ್ಲ. ಕಾಯುವುದು ನನಗೆ ಕಷ್ಟವೇನಲ್ಲ, ಮೂರು ವರ್ಷ ಅದನ್ನೇ ಓದಿದ್ದೆ. ಮೊದಲು ಮುಖ ತಿರುಗಿಸುತ್ತಿದ್ದ. ಒಂದು ದಿನ "ನೀರು" ಎಂದ. ಸ್ವಲ್ಪ ಹೊತ್ತಾದ ಮೇಲೆ "ತಣ್ಣಂದು" ಎಂದ. ಮತ್ತೆ ಬಹಳ ಹೊತ್ತಾದ ಮೇಲೆ "ಬ್ಯಾಡ" ಎಂದ. ನಾನು ತಂಬಿಗೆ ಹಿಡಿದು ನಿಂತೇ ಇದ್ದೆ. ಬಿಸಿ ನೀರು ತಂದು ಕುಡಿಸಿದೆ. ಬೇರೆಯವರಾಗಿದ್ದರೆ ತಣ್ಣೀರು ಕುಡಿಸಿ ಹೋಗಿಬಿಡುತ್ತಿದ್ದರು. ಅಪ್ಪ ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡ.

ಕೊನೆಯ ದಿನ ಭಾನುವಾರವಾಗಿತ್ತು, ಮಧ್ಯಾಹ್ನ. ಡಾಕ್ಟರು ಬೆಳಿಗ್ಗೆಯೇ ಬಂದು ಕೈ ಚೆಲ್ಲಿ ಹೋಗಿದ್ದರು. ಪಡಸಾಲೆಯಲ್ಲಿ ಮಹಾಂತಯ್ಯನವರಿದ್ದರು, ಪೇಟೆಯ ನಾಲ್ಕು ಮಂದಿ ವ್ಯಾಪಾರಿಗಳಿದ್ದರು, ಪಕ್ಕದ ಮನೆಯ ಗಂಗವ್ವ ಅವ್ವನಿಗೆ ಒರಗಿ ಕೂತಿದ್ದಳು. ಅಪ್ಪ ಕಣ್ಣು ತೆರೆದು ಎಲ್ಲರನ್ನೂ ದಾಟಿ ನನ್ನನ್ನು ನೋಡಿದ.

"ಯಾಕ?" ಎಂದ.

ಯಾರಿಗೂ ತಿಳಿಯಲಿಲ್ಲ. ನೋವು ಯಾಕೆ ಎನ್ನುತ್ತಾನೆಂದು ಗಂಗವ್ವ ಎದೆ ಸವರಲು ಹೋದಳು. ಅವ್ವ ಅವಳ ಕೈ ತಡೆದಳು. ಆರು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ ಕೇಳಿದ ಪ್ರಶ್ನೆ ಅದು. ಅಪ್ಪ ಹಾಸಿಗೆಯ ಮೇಲಿನಿಂದ ಒಂದು ಬೆರಳು ಎತ್ತಿದ. ವ್ಯಾಪಾರಿಗಳೆಲ್ಲ ನೆಟ್ಟಗಾದರು, ಆ ಬೆರಳು ಅವರಿಗೆ ಗೊತ್ತು. ಉಸಿರು ಕೂಡಿಸಿಕೊಂಡು ಎರಡನೇ ಬೆರಳು ಎತ್ತಿದ. ನಾನು ಮೂರನೆಯದಕ್ಕೆ ಕಾದೆ. ಅಪ್ಪ ಅಂಗೈ ಹೊಡೆಯಲಿಲ್ಲ. ಎರಡು ಬೆರಳನ್ನೂ ಹಾಗೇ ಹಿಡಿದುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದ. ಆಗ ನನಗೆ ಅರ್ಥವಾಯಿತು. ನಮ್ಮಪ್ಪ ನನ್ನ ಮಾತಿಗಾಗಿ ನಿಂತಿದ್ದಾನೆ.

ಮಂಚದ ಪಕ್ಕಕ್ಕೆ ಕೂತು, ಅವನ ಕಿವಿಯ ಹತ್ತಿರ ಬಾಯಿಟ್ಟು, ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅಪ್ಪ ನನ್ನ ತುಟಿಗಳನ್ನು ನೋಡುತ್ತಿದ್ದ. ಅವ್ವ ಗಂಗವ್ವನ ಕಡೆ ತಿರುಗಿ, "ಒಲಿ ಹಚ್ಚಿ ಅನ್ನಕ್ಕಿಡು" ಎಂದಳು.

"ಈಗೇನ್ ಅನ್ನ ನೀಲವ್ವಾ?"

"ಇಡವಾ."

ಗಂಗವ್ವ, ಅವ್ವನಿಗೆ ಹುಚ್ಚು ಹಿಡಿಯಿತೇನೋ ಎಂಬಂತೆ ನೋಡಿ ಒಳಗೆ ಹೋದಳು. ಬೋಗುಣಿಯ ಸಪ್ಪಳ, ಅಕ್ಕಿ ತೊಳೆದ ಸಪ್ಪಳ ಕೇಳಿದವು. ಅನ್ನಕ್ಕಿಟ್ಟು ಅವಳು ಹೊರಗೆ ಬಂದು ಕೂತಳು. ಅಪ್ಪನ ಬೆರಳುಗಳು ಇಳಿಯಲು ನೋಡುತ್ತಿದ್ದವು, ಮತ್ತೆ ಎತ್ತಿ ಹಿಡಿಯುತ್ತಿದ್ದ. ಅವ್ವ ಅವನ ಮೊಳಕೈಯ ಕೆಳಗೆ ತಲೆದಿಂಬು ಒತ್ತಿ ಆಸರೆ ಕೊಟ್ಟಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅಪ್ಪನಿಗೆ ಎಷ್ಟೋ ಸೇವೆ ಮಾಡಿದ್ದಾಳೆ, ಇಂಥದ್ದನ್ನು ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒಳಗೆ ನೀರು ಕುದಿಯಲು ಶುರುವಾಯಿತು. ನಾನು ಮನಸ್ಸಿನಲ್ಲಿ ಒಲೆಗೆ ಕೈಮುಗಿಯುತ್ತಿದ್ದೆ, ಬೇಗ ಆಗಲಿ, ಬೇಗ ಆಗಲಿ ಎಂದು. ನನ್ನ ಕಾಲೇಜಿನ ಬಗ್ಗೆ ಯಾರು ಏನೆಂದಾಗಲೂ ನನಗೆ ಪಶ್ಚಾತ್ತಾಪವಾಗಿರಲಿಲ್ಲ. ಅವತ್ತು ಮಾತ್ರ, ದೇವರೇ, ನನಗೂ ಎಲ್ಲರಂಥ ನಾಲಿಗೆ ಇರಬಾರದಿತ್ತೇ ಎನಿಸಿತು.

ಅನ್ನ ಅರ್ಧ ಬೆಂದಿರಬೇಕು. ಅಪ್ಪ ಒಂದು ಸಲ ಉಸಿರೆಳೆದ, ಅದು ವಾಪಸು ಬರಲಿಲ್ಲ.

ವ್ಯಾಪಾರಿಯೊಬ್ಬ "ಶಿವಾ" ಎಂದ. ಬಾಗಿಲಲ್ಲಿದ್ದ ಓಣಿಯ ಹೆಂಗಸರು ಬಾಯಿಗೆ ಸೆರಗು ಹಚ್ಚಿ ಅಳು ತೆಗೆಯಲು ಹೊರಟರು. ಸಾವಿನ ಮನೆಯಲ್ಲಿ ಒಲೆ ಉರಿಯಬಾರದೆಂದು ಗಂಗವ್ವ ತಂಬಿಗೆ ನೀರು ಹಿಡಿದು ಒಳಗೆ ಓಡಿದಳು. ಆಗ ಅವ್ವ ಎದ್ದು ನಿಂತಳು. ಅವಳ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ.

"ಒಲಿ ಆರಸಬ್ಯಾಡ. ಯಾರೂ ಅಳಬ್ಯಾಡ್ರಿ. ನನ್ನ ಮಗಳು ಮಾತಾಡ್ಯಾಳ. ಅದು ಬರ್ಲಿ."

"ತಂಗೀ, ಜೀವ ಹೋಗೈತಿ," ಎಂದು ಮಹಾಂತಯ್ಯನವರು ಮೆಲ್ಲಗೆ ಹೇಳಿದರು. ಅಪ್ಪನ ಬೆರಳುಗಳನ್ನು ಮಡಿಸಲು ಕೈ ಚಾಚಿದರು.

"ಮುಟ್ಟಬ್ಯಾಡ್ರಿ ಸಾವ್ಕಾರ್ರ. ಅವರು ಇನ್ನ ಮೂರು ಅಂದಿಲ್ಲ."

ಮಹಾಂತಯ್ಯನವರು ಕೈ ಹಿಂದೆ ತೆಗೆದುಕೊಂಡರು. ಪೇಟೆಯ ನಿಯಮ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಪಡಸಾಲೆಯಲ್ಲಿದ್ದ ಅಷ್ಟೂ ಮಂದಿ, ನನ್ನ ಕಾಲೇಜಿನ ಹೆಸರು ಹೇಳಿ ಹಲ್ಲು ಕಿಸಿದವರೆಲ್ಲ, ತಲೆ ತಗ್ಗಿಸಿ ಕೂತರು. ಒಳಗೆ ಅನ್ನ ಕುದಿಯುವ ಸಪ್ಪಳ ಮಾತ್ರ ಕೇಳುತ್ತಿತ್ತು. ಅದು ದಪ್ಪಗಾಯಿತು, ಆಮೇಲೆ ನಿಧಾನವಾಯಿತು. ಆಗ ಅಪ್ಪನ ಕಿವಿಯ ಪಕ್ಕದಲ್ಲಿ ನನ್ನ ಧ್ವನಿ ಬಿತ್ತು.

"ಅಪ್ಪಾ, ನಾ ಹತ್ತು ವರ್ಷದಾಕಿ ಇದ್ದಾಗ ಒಬ್ಬ ಮುದುಕಿ ಪ್ಯಾಟಿಗೆ ಬೀಜದ ಕಾಯಿ ತಂದಿದ್ಲು. ನೀ ಮೂರು ಅಂದಿ. ಮಾರೂದಲ್ಲ ಅಂತ ಆಕಿ ಅಂದದ್ದು ಆಮ್ಯಾಲ ಬಿತ್ತು. ನಾ ಒಬ್ಬಾಕೀನ ಕೇಳಿದೆ. ಆಕಿ ನನಗ ಇನ್ನೊಂದು ಮಾತು ಹೇಳಿದ್ಲು. ನೀ ಕರದಿ ಅಂತ ನಾ ಓಡಿ ಬಂದೆ. ನಿಂದೊಂದ ತಪ್ಪಲ್ಲಪ್ಪಾ, ನಾನೂ ನಿಂತಿದ್ದಿಲ್ಲ. ನಿಲ್ಲೂದು ಕಲೀಬೇಕಂತ ಅಲ್ಲಿಗೆ ಹೋದೆ. ನಿನಗ ನೋವಾಗ್ತೈತಂತ ಹೇಳಲಿಲ್ಲ. ಕಟ್ಟಿಮ್ಯಾಲ ನಿನ್ನ ಮಾನ ಕಳದೆ, ತಪ್ಪಾತು. ನಿನ್ನ ಕೈ ಇಳ್ಯಾಕತ್ತೈತಿ. ಮೂರು ಅನಬ್ಯಾಡಪ್ಪಾ. ಸ್ವಲ್ಪ ನಿಲ್ಲು."

ದಿಂಬಿನ ಮೇಲೆ ಅಪ್ಪನ ಎರಡು ಬೆರಳು ಹಾಗೇ ನಿಂತಿದ್ದವು. ಮಹಾಂತಯ್ಯನವರು ತಮ್ಮ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವ್ವ ಬಗ್ಗಿ, ಆ ಬೆರಳುಗಳನ್ನು ಒಂದೊಂದಾಗಿ ತಾನೇ ಮಡಿಸಿದಳು.

"ಈಗ ಒಲಿ ಆರಸ್ರಿ," ಎಂದಳು.

ಅಳು ಎದ್ದಿತು. ಹೆಂಗಸರು ಅತ್ತರು, ವ್ಯಾಪಾರಿಗಳು ಅತ್ತರು, ಗಂಗವ್ವ ಎದೆ ಬಡಿದುಕೊಂಡಳು. ನಾನೂ ಅಪ್ಪನ ಎದೆಯ ಮೇಲೆ ಬಿದ್ದು ಬಾಯ್ತುಂಬ ಅತ್ತೆ. ನನ್ನ ಬಾಯಿಂದ ಏನೂ ಹೊರಡಲಿಲ್ಲ. ಬರಬರುತ್ತ ಒಬ್ಬೊಬ್ಬರೇ ಸುಮ್ಮನಾದರು, ಮೂಗು ಒರೆಸಿಕೊಂಡರು. ಬಿದಿರು ತರಿಸಬೇಕು, ಊರಿಗೆ ಹೇಳಿ ಕಳಿಸಬೇಕು ಎಂದು ಹೊರಗೆ ಹೋದರು. ಹೆಂಗಸರು ನೀರು ತರಲು ಎದ್ದರು. ಪಡಸಾಲೆ ಖಾಲಿಯಾಯಿತು. ಒಲೆ ಆರಿತ್ತು, ಹೊತ್ತು ಅಳೆಯಲು ಮನೆಯಲ್ಲಿ ಏನೂ ಇರಲಿಲ್ಲ. ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು, ನನ್ನ ಅಳು ಬರುವವರೆಗೆ ಕಾಯುತ್ತ ಕೂತಳು.